ಎಂಜಿನ್ ಮೇಷ್ಟ್ರಿಗೆ

ಶುಕ್ರವಾರ ಪಿಎಚ್‌ಡಿ ಡಿಫೆನ್ಸ್ ಮುಗಿಯಿತು. ಹಾರೈಸಿದ ಎಲ್ಲರಿಗೂ ಥ್ಯಾಂಕ್ಸ್. ಗೈಡ್‌ಗೆ, ಲ್ಯಾಬ್ ಗೆಳೆಯರಿಗೆ, ಜರ್ಮನಿಯ ರೋಸ್ಟಾಕ್‌ನ ಚಳಿಯಲ್ಲಿ ಕರೆದು ಸಾರು-ಅನ್ನ ಬಡಿಸಿದ ಕನ್ನಡದ ಮನೆಯವರಿಗೆ, "ಹೊಗೆಗೂ ಪಿಎಚ್‌ಡಿ ಕೊಡ್ತಾರಾ?" ಅಂತ ಕೊನೆಯವರೆಗೂ ಕೇಳಿದ ಅಮ್ಮನಿಗೆ ಕೂಡ.

ಉಳಿದದ್ದೆಲ್ಲ ಒಬ್ಬರಿಗೆ.

ಜರ್ಮನಿಯಲ್ಲಿ ನುರಿತ ಮೆಕ್ಯಾನಿಕ್‌ಗೆ 'ಮೈಸ್ಟರ್' ಅನ್ನುತ್ತಾರೆ. ನನ್ನ ಬಾಯಲ್ಲಿ ಮೊದಲ ವಾರವೇ ಅದು 'ಮೇಷ್ಟ್ರು' ಆಯಿತು. ಹಡಗಿನ ಇಂಧನಗಳ ಹೊಗೆ ಶ್ವಾಸಕೋಶಕ್ಕೆ ಏನು ಮಾಡುತ್ತದೆ ಅಂತ ನೋಡುವುದು ನನ್ನ ಕೆಲಸ. ಅದಕ್ಕೆ ಲ್ಯಾಬ್‌ನಲ್ಲಿ ಓಡಿಸುತ್ತಿದ್ದ ಹಡಗಿನ ಎಂಜಿನ್ ಅವರ ಸುಪರ್ದಿನಲ್ಲಿತ್ತು. ಅವರಿಗೆ ಇಂಗ್ಲಿಷ್ ಬಾರದು, ನನ್ನ ಜರ್ಮನ್ ಅಷ್ಟಕ್ಕಷ್ಟೆ.

ಒಂದು ದಿನ ಮೆಥನಾಲ್ ಅನ್ನುವ ಆಲ್ಕೋಹಾಲ್ ಇಂಧನದ ಸರದಿ. 2015ರಲ್ಲಿ ಜರ್ಮನಿಯ ಕೀಲ್ ಬಂದರಿಗೆ ಬರುವ ಸ್ಟೆನಾ ಜರ್ಮಾನಿಕಾ ಹಡಗು ಮೆಥನಾಲ್‌ಗೆ ಬದಲಾದಾಗಿನಿಂದ ಇದನ್ನು ಕ್ಲೀನ್ ಇಂಧನ ಅನ್ನುವವರೇ ಜಾಸ್ತಿ. ನಿಜ, ಗಂಧಕ ಇಲ್ಲ, ಮಸಿ ತುಂಬ ಕಡಿಮೆ. ಹಡಗುಗಳ ದಪ್ಪ ಕಪ್ಪು ಎಣ್ಣೆ (ಹೆವಿ ಫ್ಯುಯೆಲ್ ಆಯಿಲ್) ಉರಿಸಿದರೆ ಇದ್ದಿಲಿನಂತಾಗುವ ಹೊಗೆ ಫಿಲ್ಟರ್ ಇಲ್ಲಿ ಹೆಚ್ಚುಕಮ್ಮಿ ಬಿಳಿಯಾಗೇ ಇರುತ್ತದೆ. ಆದರೆ ಪೂರ್ತಿ ಉರಿಯದ ಮೆಥನಾಲ್‌ನಿಂದ ಫಾರ್ಮಾಲ್ಡಿಹೈಡ್ ಅನ್ನುವ ಅನಿಲ ಹುಟ್ಟುತ್ತದೆ. ಅದು ಕ್ಯಾನ್ಸರ್ ತರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಶ್ವಾಸಕೋಶದ ಜೀವಕೋಶಗಳ ಮೇಲೆ 4 ಗಂಟೆ ಹೊಗೆ ಹಾಯಿಸುತ್ತಿದ್ದೆವು. ಹೋಲಿಸಿ ನೋಡಲು ಪಕ್ಕದ ತಟ್ಟೆಯ ಕೋಶಗಳಿಗೆ ಬರೀ ಶುದ್ಧ ಗಾಳಿ.

ಅವತ್ತು ನೋಡಿದರೆ ಶುದ್ಧ ಗಾಳಿಯ ತಟ್ಟೆಯ ಕೋಶಗಳೂ ಸತ್ತಿದ್ದವು. ಅಂದರೆ ಕೊಂದದ್ದು ಹೊಗೆಯಲ್ಲ. ವಾರಗಟ್ಟಲೆ ಮಕ್ಕಳ ಹಾಗೆ ಸಾಕಿದ ಕೋಶಗಳು. ಮೆಟ್ಟಿಲ ಮೇಲೆ ಕೂತು ಅತ್ತೆ. ಊರಿಗೆ ಟಿಕೆಟ್ ಎಷ್ಟು ಅಂತ ಮೊಬೈಲಿನಲ್ಲಿ ನೋಡಿದೆ. ಸುಮ್ನೆ ನೋಡಿದ್ದಲ್ಲ, ಹೋಗಲೆಂದೇ.

ಮೇಷ್ಟ್ರು ಏನೂ ಕೇಳಲಿಲ್ಲ. ಟಾರ್ಚ್ ಹಿಡಿದು ಪೈಪಿನ ಜಾಡಿನಲ್ಲೇ ಹೋದರು. ಗಾಳಿಗೆ ತೇವ ಕೊಡುವ ನೀರಿನ ಬಾಟಲಿ ಖಾಲಿಯಾಗಿತ್ತು. ಆ ಕೋಶಗಳ ಮೇಲೆ ನೀರಿನ ಹೊದಿಕೆ ಇರುವುದಿಲ್ಲ, ನೇರ ಗಾಳಿಗೆ ಮೈಯೊಡ್ಡಿರುತ್ತವೆ. ಒಣಗಾಳಿ ಬಡಿದರೆ ಮುಗಿಯಿತು. ಬಾಟಲಿ ತುಂಬಬೇಕಿದ್ದವಳು ನಾನೇ. ಇದನ್ನು ಇವತ್ತಿನವರೆಗೆ ಎಲ್ಲೂ ಬರೆದಿರಲಿಲ್ಲ.

ಅವರು ನೀರು ತುಂಬಿದರು. ಜೇಬಿನಿಂದ ಮಾರ್ಕರ್ ತೆಗೆದು ಬಾಟಲಿಯ ಮೇಲೆ ಗೆರೆ ಎಳೆದರು. ಇನ್‌ಕ್ಯುಬೇಟರಿನಲ್ಲಿ ಉಳಿದಿದ್ದ ತಟ್ಟೆಗಳ ಕಡೆ ಕೈ ತೋರಿಸಿ "ನೋಖ್‌ಮಾಲ್" ಅಂದರು. ಇನ್ನೊಂದ್ಸಲ. ಅವರ ಡ್ಯೂಟಿ ಮುಗಿದು ಎಷ್ಟೋ ಹೊತ್ತಾಗಿತ್ತು. ತಮ್ಮ ಬ್ರೆಡ್ಡಿನಲ್ಲಿ ಅರ್ಧ ಕೊಟ್ಟು ಮತ್ತೆ ಎಂಜಿನ್ ಪಕ್ಕ ಹೋಗಿ ನಿಂತರು. ಬೆಳಗಿನ ಜಾವ ಮೈಕ್ರೋಸ್ಕೋಪ್ ನೋಡಿದರೆ ಶುದ್ಧ ಗಾಳಿಯ ಕೋಶಗಳು ಒಂದಕ್ಕೊಂದು ಅಂಟಿಕೊಂಡು ಆರಾಮಾಗಿದ್ದವು.

ಮೇಷ್ಟ್ರು ಈಗ ರಿಟೈರ್ ಆಗಿದ್ದಾರೆ. ಹೊಸದಾಗಿ ಸೇರಿದ ಹುಡುಗ ಮೊನ್ನೆ ಆ ಗೆರೆ ಯಾಕೆ ಅಂತ ಕೇಳಿದ. ನೀರು ಅದರ ಕೆಳಗೆ ಇಳೀಬಾರದು ಅಂದೆ.