ಮೆಶ್ ಪಟ್ಟಿಯ ತೊಂದರೆಗೆ ಆ್ಯಂಟಿಬಯೋಟಿಕ್ ಮದ್ದಲ್ಲ

ಮಾನ್ಯ ಸಂಪಾದಕರೇ,

ಕೆಮ್ಮಿದಾಗ, ಸೀನಿದಾಗ, ಬಿಂದಿಗೆ ಎತ್ತಿದಾಗ ಮೂತ್ರ ಸೋರುವ ಹೆಂಗಸರಿಗೆ ಮೂತ್ರನಾಳದ ಕೆಳಗೆ ಸುಮಾರು 1 ಸೆಂ.ಮೀ. ಅಗಲದ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಮೆಶ್ (ಬಲೆಯಂಥ) ಪಟ್ಟಿ ಕೂರಿಸುವ ಶಸ್ತ್ರಚಿಕಿತ್ಸೆ 1990ರ ದಶಕದಿಂದ ನಡೆದುಬಂದಿದೆ. ಹೆಚ್ಚಿನವರಿಗೆ ಗುಣವಾಗಿದೆ. ತೊಂದರೆಯಾದವರ ಪಾಡು ಮಾತ್ರ ಯಾರಿಗೂ ಬೇಡ. ಪಟ್ಟಿ ಹಾಕಿ ಐದಾರು ವರ್ಷದ ಮೇಲೆ ಉರಿಮೂತ್ರ ಶುರುವಾದರೆ ಎರಡಕ್ಕೂ ನಂಟಿರಬಹುದೆಂದು ಆಕೆಗೆ ಹೊಳೆಯದು, ಕೇಳಬೇಕಾದ ವೈದ್ಯರೂ ಕೇಳುವುದಿಲ್ಲ.

ಮೇಲಿಂದ ಮೇಲೆ ಸೋಂಕಾಗುತ್ತಿದ್ದರೆ, ಮೂತ್ರದಲ್ಲಿ ರಕ್ತ ಕಂಡರೆ ಬರೀ ಆ್ಯಂಟಿಬಯೋಟಿಕ್ ಕೊಟ್ಟು ಕಳಿಸದೆ ಸಿಸ್ಟೊಸ್ಕೋಪಿ (ಮೂತ್ರಕೋಶದೊಳಗೆ ದುರ್ಬೀನು ಹಾಕಿ ನೋಡುವುದು) ಮಾಡಲೇಬೇಕು. ಪಟ್ಟಿ ಮೂತ್ರಕೋಶದೊಳಗೆ ಬಂದಿದ್ದರೆ ಅದರ ಎಳೆಗಳ ಮೇಲೆ ಕಲ್ಲು ಕಟ್ಟುತ್ತದೆ. ಕಲ್ಲನ್ನಷ್ಟೇ ಪುಡಿಮಾಡಿ ಎಳೆ ಉಳಿಸಿದರೆ ಮತ್ತೆ ಕಲ್ಲು. ಎಕ್ಸ್‌ರೇಯಲ್ಲಿ ಪಟ್ಟಿ ಕಾಣುವುದಿಲ್ಲ. ಯೋನಿದ್ವಾರದ ಮೇಲೆ ಪ್ರೋಬ್ ಇಟ್ಟು ಮಾಡುವ ಅಲ್ಟ್ರಾಸೌಂಡ್‌ನಲ್ಲಿ ಬಿಳಿ ಗೆರೆಯಾಗಿ ಕಾಣುತ್ತದೆ.

ಯೋನಿಯೊಳಗೆ ಹೊರಚಾಚಿದ ಮೆಶ್ ಎಷ್ಟೋ ಸಲ ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತದೆ, ತಂಗೂಸಿಯ ತುದಿ ಚುಚ್ಚಿದ ಹಾಗೆ. ಸಂಭೋಗದಲ್ಲಿ ಗಂಡನಿಗೆ ಚುಚ್ಚುತ್ತದೆ ಎಂಬುದೂ ಸುಳಿವೇ, ನಾಚಿಕೆಯಿಂದ ಮುಚ್ಚಿಡಬಾರದು. 1 ಸೆಂ.ಮೀ.ಗಿಂತ ಚಿಕ್ಕದಾಗಿದ್ದು ನೋವಿಲ್ಲದಿದ್ದರೆ ಈಸ್ಟ್ರೋಜನ್ ಹಾರ್ಮೋನಿನ ಕ್ರೀಮ್ ಹಚ್ಚಿ ಸುಮಾರು ಮೂರು ತಿಂಗಳು ನೋಡಬಹುದು. ಇದು ಹಾರ್ಮೋನಾದ್ದರಿಂದ ಸ್ತನ ಕ್ಯಾನ್ಸರ್ ಆದವರು ಮೊದಲೇ ಹೇಳಬೇಕು. ಮುಚ್ಚಿಕೊಳ್ಳದಿದ್ದರೆ ಹೊರಬಂದಷ್ಟನ್ನು ಕತ್ತರಿಸಿ ಹೊಲಿಯಬೇಕು.

ಪಟ್ಟಿ ಬಿಗಿಯಾಗಿ ಮೂತ್ರ ಕಟ್ಟಿಕೊಂಡರೆ ಮೊದಲ ಒಂದೆರಡು ವಾರದೊಳಗೆ ಅದನ್ನು ಸಡಿಲಿಸಬಹುದು. ಆಮೇಲೆ ಮಾಂಸ ಬೆಳೆದು ಕಚ್ಚಿಕೊಂಡಿರುತ್ತದೆ, ಕತ್ತರಿಸಿಯೇ ಬಿಡಿಸಬೇಕು. ಇಲ್ಲಿ ಡೈಲೇಟರ್ ತೂರಿಸಿ ಮೂತ್ರನಾಳ ಹಿಗ್ಗಿಸುವುದು ದೊಡ್ಡ ತಪ್ಪು: ಪಟ್ಟಿ ನಾಳದೊಳಕ್ಕೇ ಕೊರೆದುಕೊಂಡು ಹೋದೀತು. ಹಾಗೆ ಹೋದದ್ದನ್ನು ಯೋನಿಯ ಮೂಲಕ ತೆಗೆದು, ನಾಳವನ್ನು ಪದರ ಪದರವಾಗಿ ಹೊಲಿದು, ಎರಡು-ಮೂರು ವಾರ ಕ್ಯಾತಿಟರ್ (ಮೂತ್ರ ಹೋಗುವ ನಳಿಕೆ) ಇಡಬೇಕಾಗುತ್ತದೆ. ಅದೇ ಜಾಗಕ್ಕೆ ಹೊಸ ಮೆಶ್ ಕೂಡದು. ಮತ್ತೆ ಸೋರಿದರೆ ಗಾಯ ಪೂರ್ತಿ ಮಾಗಿದ ಮೇಲೆ, ಆಕೆಯದೇ ಹೊಟ್ಟೆಯ ಗೋಡೆಯಿಂದ ತೆಗೆದ ಪಟ್ಟಿ ಹಾಕಬಹುದು.

ತೊಡೆಸಂದಿಯ ಮೂಲಕ ಹಾಯಿಸಿದ ಪಟ್ಟಿಯಿಂದಾಗುವ ತೊಡೆನೋವು ಎಲ್ಲಕ್ಕಿಂತ ಕಷ್ಟದ್ದು. ಪೂರ್ತಿ ತೆಗೆದರೂ ನೋವು ಹೋಗುತ್ತದೆಂಬ ಭರವಸೆಯಿಲ್ಲ. ಇದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಬಾಯಿಬಿಟ್ಟು ಹೇಳಬೇಕು. ಇಂಗ್ಲೆಂಡ್ 2018ರಲ್ಲಿ ಈ ಪಟ್ಟಿಗಳ ಬಳಕೆಗೆ ತಡೆ ಹಾಕಿ, ಆಮೇಲೆ ತೊಂದರೆಯಾದವರಿಗೆಂದೇ ಕೇಂದ್ರಗಳನ್ನು ತೆರೆಯಿತು. ನಮ್ಮ ರಾಜ್ಯದ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲೂ ವಾರಕ್ಕೊಂದು ದಿನ ಇಂಥ ಹೊರರೋಗಿ ವಿಭಾಗ ನಡೆಯಲಿ.

ಪಟ್ಟಿ ಹಾಕಿಸಿಕೊಂಡವರು ಡಿಸ್ಚಾರ್ಜ್ ಚೀಟಿಯಲ್ಲಿ 'ಟಿವಿಟಿ' ಅಥವಾ 'ಟಿಒಟಿ' (ಈ ಪಟ್ಟಿ ಶಸ್ತ್ರಚಿಕಿತ್ಸೆಗಳ ಹೆಸರು) ಎಂದು ಬರೆದಿದೆಯೇ ನೋಡಿ, ಅದರ ಪ್ರತಿಯನ್ನು ಪ್ರತಿ ಸಲವೂ ವೈದ್ಯರಿಗೆ ತೋರಿಸಿ.

– ಇಬ್ಬರು ಸ್ತ್ರೀರೋಗ ತಜ್ಞರು, ಮೈಸೂರು