ಮೈಕ್ ಕಿತ್ತುಕೊಂಡದ್ದು ವರದಿಯಲ್ಲಿ ಯಾಕಿಲ್ಲ?

ಮಾನ್ಯ ಸಂಪಾದಕರೇ,

ಭಾನುವಾರ ಹಾಸನದಲ್ಲಿ ನಡೆದ ಮಾಜಿ ಸೈನಿಕರ ಸನ್ಮಾನದ ವರದಿಯನ್ನು ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಶಾಲು ಹೊದ್ದು ನಿಂತವರ ಫೋಟೋದಲ್ಲಿ ಎಡಗಡೆಯಿಂದ ಮೂರನೆಯವನು ನಾನೇ. ಯಾರ್ಯಾರು ವೇದಿಕೆ ಮೇಲಿದ್ದರು, ಯಾರು ದೀಪ ಹಚ್ಚಿದರು, ಎಲ್ಲಾ ಬಂದಿದೆ. ಮಾತಾಡುತ್ತಿದ್ದ ನನ್ನ ಕೈಯಿಂದ ಮೈಕ್ ಕಿತ್ತುಕೊಂಡರಲ್ಲ, ಅದೊಂದು ಬಂದಿಲ್ಲ.

ನಾನು ಹೇಳಿದ್ದಾದರೂ ಏನು? ಶಾಲೆ ಮಕ್ಕಳನ್ನು ಕರೆಸಿದ್ದರು. ಒಬ್ಬ ಹುಡುಗ ಎದ್ದು, 'ಯುದ್ಧ ಬೇಕು ಅಂತ ಯಾರು ತೀರ್ಮಾನ ಮಾಡ್ತಾರೆ ಸಾರ್?' ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಅದಕ್ಕೇ ಇರಾಕ್ ಯುದ್ಧದ ಮಾತು ತೆಗೆದೆ. 2003ರ ಮಾರ್ಚ್ 17ರಂದು, ಯುದ್ಧ ಶುರುವಾಗಲು ಮೂರು ದಿನ ಇರುವಾಗ, ಬ್ರಿಟನ್ನಿನ ಮಂತ್ರಿ ರಾಬಿನ್ ಕುಕ್ ರಾಜೀನಾಮೆ ಕೊಟ್ಟರು. ತಮ್ಮ ಪಕ್ಷದವರ ಎದುರೇ ಸಂಸತ್ತಿನಲ್ಲಿ ನಿಂತು ಈ ಯುದ್ಧಕ್ಕೆ ನನ್ನ ಒಪ್ಪಿಗೆ ಇಲ್ಲ ಎಂದರು. ಅಮೆರಿಕದಲ್ಲಿ ಹಣಕಾಸು ಮಂತ್ರಿಯಾಗಿದ್ದ ಪಾಲ್ ಓನೀಲ್ ಇನ್ನೂ ದೊಡ್ಡ ಮಾತು ಹೇಳಿದರು. ಸದ್ದಾಂನನ್ನು ಇಳಿಸುವ ಯೋಚನೆ ಬುಷ್ ಸರ್ಕಾರ ಬಂದ 2001ರ ಜನವರಿಯಲ್ಲೇ ಇತ್ತಂತೆ. ಅಂದರೆ ನ್ಯೂಯಾರ್ಕಿನ ಅವಳಿ ಗೋಪುರ ಬೀಳುವುದಕ್ಕೂ ಎಷ್ಟೋ ತಿಂಗಳು ಮೊದಲು! ಯಾವ ಅಸ್ತ್ರಗಳಿವೆ ಎಂದು ಯುದ್ಧಕ್ಕೆ ಹೋದರೋ ಅವು ಕೊನೆಗೂ ಸಿಗಲಿಲ್ಲ. ಬ್ರಿಟನ್ ಒಂದರಲ್ಲೇ 179 ಸೈನಿಕರ ಮನೆಗೆ ಶವದ ಪೆಟ್ಟಿಗೆ ಹೋಯಿತು.

ಇಷ್ಟು ಹೇಳುವಷ್ಟರಲ್ಲಿ ಮೈಕ್ ಹೋಯಿತು. ಸೈನಿಕನಾಗಿ ಮಕ್ಕಳ ಮುಂದೆ ಹೀಗೆಲ್ಲ ಮಾತಾಡ್ತೀರಲ್ಲ ಎಂದರು.

ಓನೀಲ್ ಮೇಲೆ ನನಗೂ ಸಿಟ್ಟಿದೆ, ಅದನ್ನು ಹೇಳಲಿಕ್ಕೂ ಬಿಡಲಿಲ್ಲ. ಅವರನ್ನು 2002ರ ಡಿಸೆಂಬರಿನಲ್ಲೇ ತೆಗೆದಿದ್ದರು. ಯುದ್ಧಕ್ಕೆ ಇನ್ನೂ ಮೂರು ತಿಂಗಳಿತ್ತು. ಬಾಯಿ ಬಿಟ್ಟದ್ದು 2004ರಲ್ಲಿ. ಒಳಗಿದ್ದು ಎಲ್ಲಾ ಕಂಡವರು ಮೊದಲೇ ಹೇಳಬೇಕು, ಹೆಣ ಬಿದ್ದ ಮೇಲಲ್ಲ.

ನನಗೆ ಇದು ದೂರದ ದೇಶದ ಕಥೆ ಅಲ್ಲ. ಯುದ್ಧ ಶುರುವಾದ 2003ರಲ್ಲಿ ನಾನು ಜಮ್ಮುವಿನಲ್ಲಿದ್ದೆ. ಇರಾಕಿಗೆ ಭಾರತವೂ ಒಂದು ಡಿವಿಷನ್ ಕಳಿಸಲಿ, ಸುಮಾರು 17,000 ಜನ, ಎಂದು ಅಮೆರಿಕ ಕೇಳಿತ್ತು. ಬ್ಯಾರಕ್ಕಿನಲ್ಲಿ ರಾತ್ರಿ ಎಲ್ಲ ಅದೇ ಮಾತು. ನನ್ನ ಮಗಳು ಆಗಿನ್ನೂ ಎಂಟು ತಿಂಗಳ ಕೂಸು. ಪಕ್ಕದ ಮನೆ ಫೋನಿಗೆ ಮಾಡಿದಾಗಲೆಲ್ಲ ಹೆಂಡತಿ ಕೇಳುತ್ತಿದ್ದದ್ದು ಒಂದೇ, 'ನಿಮ್ಮನ್ನೂ ಕಳಿಸ್ತಾರಾ?' ಜುಲೈ 14ರಂದು ವಾಜಪೇಯಿ ಸರ್ಕಾರ, ವಿಶ್ವಸಂಸ್ಥೆಯ ಸ್ಪಷ್ಟ ಆದೇಶ ಇಲ್ಲದೆ ಕಳಿಸುವುದಿಲ್ಲ ಎಂದಿತು. ದೆಹಲಿಯಲ್ಲಿ ಯಾರೋ ಕೂತು ಯಾಕೆ, ಏನು ಎಂದು ಕೇಳಿದ್ದಕ್ಕೆ ತಾನೇ ನಾವು ಉಳಿದದ್ದು? ಅವರೆಲ್ಲ ದೇಶದ್ರೋಹಿಗಳಾ? ಹೋಗು ಅಂದಿದ್ದರೆ ಹೋಗುತ್ತಿದ್ದೆ, ಅದು ಬೇರೆ ಮಾತು.

ಆವತ್ತಿನ ಅವಸ್ಥೆಯನ್ನೂ ಬರೆಯುತ್ತೇನೆ. ಹತ್ತು ಗಂಟೆಗೆ ಎಂದಿದ್ದರು. ಅರಕಲಗೂಡಿನಿಂದ ಮೊದಲ ಬಸ್ಸಿಗೆ ನಿಂತುಕೊಂಡೇ ಬಂದೆ. ಅತಿಥಿಗಳು ಬಂದದ್ದು ಹನ್ನೆರಡೂವರೆಗೆ. ಆಲೂಗಡ್ಡೆ ಬಿತ್ತನೆ ಸಮಯ, ಆಳು ಸಿಗುವುದೇ ಕಷ್ಟ, ಸಿಕ್ಕಿದ್ದ ಇಬ್ಬರನ್ನು ನಾಳೆ ಬನ್ನಿ ಎಂದು ಕಳಿಸಿ ಬಂದಿದ್ದೆ. ಅವರು ಬೇರೆಯವರ ಹೊಲಕ್ಕೆ ಹೋದರು. ನಾವು ಊಟಕ್ಕೆ ಹೋಗುವಷ್ಟರಲ್ಲಿ ಸಾರು ಮುಗಿದಿತ್ತು. ಸೈನಿಕರ ತ್ಯಾಗದ ಬಗ್ಗೆ ಮುಕ್ಕಾಲು ಗಂಟೆ ಭಾಷಣ ಮಾಡಿದ ಅಧಿಕಾರಿಯ ಕಚೇರಿಯಲ್ಲೇ ನನ್ನ ಜಮೀನು ಮಂಜೂರಾತಿ ಅರ್ಜಿ ಹದಿನಾಲ್ಕು ವರ್ಷದಿಂದ ಕೂತಿದೆ. ಹೋದಾಗಲೆಲ್ಲ ಫೈಲ್ ಸಿಗ್ತಿಲ್ಲ, ಸರ್ವೆಯವರು ಬಂದಿಲ್ಲ, ಮುಂದಿನ ವಾರ ಬನ್ನಿ. ಶಾಲು ಹೊದಿಸಲು ನನ್ನ ವಿಳಾಸ ಸಿಗುತ್ತದೆ, ಫೈಲ್ ಮಾತ್ರ ಸಿಗುವುದಿಲ್ಲ ಅಲ್ವಾ?

ಮೈಕ್ ಕಿತ್ತುಕೊಂಡವರು ನನ್ನ ಹತ್ತಿರ ಕ್ಷಮೆ ಕೇಳುವುದು ಬೇಡ. ಆ ಮಕ್ಕಳ ಶಾಲೆಗೆ ಹೋಗಿ ತಪ್ಪಾಯಿತು ಎನ್ನಲಿ, ಇಲ್ಲವೇ ನನ್ನನ್ನು ಕರೆಯಲಿ, ಆ ಹುಡುಗನಿಗೆ ಉಳಿದದ್ದನ್ನು ಹೇಳಿ ಬರುತ್ತೇನೆ. ನೀವೂ ಬಿಟ್ಟುಹೋದ ಸಾಲನ್ನು ಹಾಕಿ. ಹಾಗೇ ಆ ಫೈಲನ್ನೂ ಹುಡುಕಲಿ. ಯುದ್ಧಕ್ಕೆ ಹೋಗುವವನ ಬಾಯಿ ಮುಚ್ಚಿಸಿ ಅವನಿಗೇ ಶಾಲು ಹೊದಿಸುತ್ತೀರಲ್ಲ, ಸ್ವಲ್ಪವಾದರೂ ನಾಚಿಕೆ ಬೇಡವಾ?

ಒಬ್ಬ ನಿವೃತ್ತ ಹವಾಲ್ದಾರ್
ಅರಕಲಗೂಡು ತಾಲ್ಲೂಕು, ಹಾಸನ ಜಿಲ್ಲೆ