ಸೋಮವಾರದಿಂದ ಕೋಚ್ ಆಗುವ ಮಗಳಿಗೆ

ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ನನಗೆ ಸರಿಯಾಗೇ ಕೇಳಿಸಿತು. ಇನ್ನು ಸ್ಪರ್ಧೆ ಸಾಕು, ಸೋಮವಾರದಿಂದ ಸಣ್ಣ ಮಕ್ಕಳ ಜಿಮ್ನಾಸ್ಟಿಕ್ಸ್ ಬ್ಯಾಚಿಗೆ ಅಸಿಸ್ಟೆಂಟ್ ಕೋಚ್. ‘ಒಳ್ಳೇದಾಗಲಿ’ ಅಂದು ಸುಮ್ಮನಿರಬಹುದಿತ್ತು. ನಾನು ಉಜ್ಬೆಕಿಸ್ತಾನದ ಜಿಮ್ನಾಸ್ಟ್ ಒಕ್ಸಾನಾ ಚುಸೊವಿಟಿನಾಳ ಪುರಾಣ ಬಿಚ್ಚಿದೆ. 1992ರ ಬಾರ್ಸಿಲೋನಾದಿಂದ ಟೋಕಿಯೋವರೆಗೆ ಎಂಟು ಒಲಿಂಪಿಕ್ಸ್, ಟೋಕಿಯೋಗೆ ಬಂದಾಗ ಅವಳಿಗೆ 46 ವರ್ಷ, ಆಗಲೂ ಓಡಿ ಬಂದು ಮೇಜಿನ ಮೇಲೆ ಕೈಯೂರಿ ಹಾರುವ ವಾಲ್ಟ್ ಮಾಡಿದಳು, ನಿನಗೇನು ಮಹಾ ವಯಸ್ಸಾಯಿತು ಅಂತ. ನೀನು ‘ಅಪ್ಪ, ನಾನು ಚುಸೊವಿಟಿನಾ ಅಲ್ಲ’ ಅಂದು ಫೋನ್ ಇಟ್ಟೆ.

ದನಿ ಏರಿಸಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಅಷ್ಟಕ್ಕೆ ಕ್ಷಮೆ ಕೇಳುತ್ತೇನೆ. ಚುಸೊವಿಟಿನಾ ವಿಷಯದಲ್ಲಿ ಮಾತ್ರ ನಾನು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿಲ್ಲ.

ನಿನ್ನ ಬೆನ್ನಿನ ಎಕ್ಸ್‌ರೇ, ಡಾಕ್ಟರ್ ಹೇಳಿದ್ದು, ಆಮೇಲಿನ ತಿಂಗಳುಗಳು, ಅದೆಲ್ಲ ಇಬ್ಬರಿಗೂ ಗೊತ್ತಿರುವುದೇ. ಅದನ್ನು ಬರೆಯಲು ಕೂತಿಲ್ಲ. ನಿನ್ನೆಯಿಂದ ನನ್ನ ತಲೆಯಲ್ಲಿ ಓಡುತ್ತಿರುವುದು ಬೇರೆ. ನೀನು ಎತ್ತರದ ಬೀಮ್ ಪಟ್ಟಿಯ ಮೇಲೆ ನಿಂತು, ಲಾಗ ಹಾಕಲಾಗದೆ ಒದ್ದಾಡಿದ ಆ ದಿನಗಳು.

ನಿನಗೆ ಎಷ್ಟು ನೆನಪಿದೆಯೋ ಗೊತ್ತಿಲ್ಲ. ಫ್ಲೋರ್ ಮೇಲೆ ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್, ಅಂದರೆ ಹಿಂದಕ್ಕೆ ಹಾರಿ ಕೈಯೂರಿ ಹಾಕುವ ಲಾಗ, ನಿನಗೆ ನೀರು ಕುಡಿದಷ್ಟು ಸುಲಭ. ಬೀಮ್ ಮೇಲೂ ಮಾಡುತ್ತಿದ್ದೆ. ಒಂದು ದಿನ ಇದ್ದಕ್ಕಿದ್ದಂತೆ ನಿಂತುಹೋಯಿತು. ಬಿದ್ದಿರಲಿಲ್ಲ, ಪೆಟ್ಟಾಗಿರಲಿಲ್ಲ. ಆ ಹತ್ತು ಸೆಂಟಿಮೀಟರ್ ಅಗಲದ ಪಟ್ಟಿಯ ಮೇಲೆ ಒಂದು ಕಾಲು ಮುಂದಿಟ್ಟು ನಿಲ್ಲುತ್ತಿದ್ದೆ. ಎರಡೂ ಕೈ ಕಿವಿಯ ಪಕ್ಕಕ್ಕೆ ಏರುತ್ತಿತ್ತು. ಮಂಡಿ ಸ್ವಲ್ಪ ಬಾಗುತ್ತಿತ್ತು. ಅಷ್ಟೇ, ಕೈ ಕೆಳಗೆ. ಮತ್ತೆ ಮೇಲೆ, ಮತ್ತೆ ಕೆಳಗೆ. ಗಾಜಿನ ಈಚೆ ಕೂತ ನನಗೆ ಪ್ರತಿ ಸಲವೂ ಜೀವ ಬಾಯಿಗೆ ಬರುತ್ತಿತ್ತು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಒಬ್ಬರು, ‘ಹಿಂದಿನಿಂದ ಒಂದು ಚೂರು ತಳ್ಳಿದರೆ ಹೋಗುತ್ತಾಳೆ, ಮಕ್ಕಳಿಗೆ ಇಷ್ಟು ಮುದ್ದು ಮಾಡಬಾರದು’ ಅಂದರು. ನಾನು ತಲೆಯಾಡಿಸಿದ್ದೆ.

ನಿಮ್ಮ ಮೇಡಂ ತಳ್ಳಲಿಲ್ಲ. ಕೂಗಲೂ ಇಲ್ಲ. ನಿನ್ನನ್ನು ಕೆಳಗಿಳಿಸಿ ನೆಲದ ಮೇಲೆ ಎಳೆದ ಗೆರೆಗೆ ಕರೆದುಕೊಂಡು ಹೋದರು. ಆಮೇಲೆ ನೆಲಮಟ್ಟದ ಬೀಮ್. ಆಮೇಲೆ ಸ್ವಲ್ಪ ಎತ್ತರದ್ದು, ಸುತ್ತ ಮ್ಯಾಟ್ ಮೇಲೆ ಮ್ಯಾಟ್ ಪೇರಿಸಿ. ನಾನು ಒಳಗೊಳಗೇ ಗೊಣಗಿದೆ. ಇಷ್ಟು ದಿನ ಕಲಿತದ್ದನ್ನು ಮತ್ತೆ ಮೊದಲಿನಿಂದ ಕಲಿಸುತ್ತಾರಲ್ಲ ಅಂತ. ಕೊನೆಗೆ ಎತ್ತರದ ಬೀಮ್‌ಗೆ ವಾಪಸ್ ಬಂದಾಗ ಮೇಡಂ ಪಕ್ಕದಲ್ಲಿ ಒಂದು ಬ್ಲಾಕ್ ಇಟ್ಟು ಅದರ ಮೇಲೆ ನಿಂತರು. ಒಂದು ಅಂಗೈ ನಿನ್ನ ಸೊಂಟದ ಹಿಂದೆ, ಇನ್ನೊಂದು ತೊಡೆಯ ಹಿಂದೆ.

ಆ ಅಂಗೈಯನ್ನೇ ನಾನು ನೋಡುತ್ತಾ ಕೂರುತ್ತಿದ್ದೆ. ಪ್ರಾಕ್ಟೀಸ್ ಮುಗಿಸಿ ನೀನು ಹೊರಗೆ ಬಂದಾಗ ನಿನ್ನ ನೀಲಿ ಲಿಯೊಟಾರ್ಡ್‌ನ ಹಿಂಭಾಗದಲ್ಲಿ ಬಿಳಿ ಚಾಕ್‌ನಲ್ಲಿ ಅವರ ಅಂಗೈ ಅಚ್ಚಾಗಿರುತ್ತಿತ್ತು. ಐದೂ ಬೆರಳು ಎಣಿಸಬಹುದಿತ್ತು. ಕೆಲವು ವಾರ ಕಳೆದ ಮೇಲೆ ಅಂಗೈ ಹೋಗಿ ಬರೀ ಬೆರಳ ತುದಿಗಳು. ಆಮೇಲೆ ಎರಡು ಬೆರಳಿನ ಮಾಸಲು ಗುರುತು. ನೀನು ಬ್ಯಾಗ್ ಹಾಕಿಕೊಂಡು ಮುಂದೆ ನಡೆಯುತ್ತಿದ್ದೆ, ನಾನು ಹಿಂದಿನಿಂದ ನಿನ್ನ ಬೆನ್ನು ನೋಡಿ ಇವತ್ತು ಎಷ್ಟು ಹಿಡಿದರು ಅಂತ ಲೆಕ್ಕ ಹಾಕುತ್ತಿದ್ದೆ. ನಿನಗೆ ಇದು ಗೊತ್ತೇ ಇಲ್ಲ ಅನಿಸುತ್ತದೆ. ಒಂದು ದಿನ ಗುರುತೇ ಇರಲಿಲ್ಲ.

ಅವತ್ತು ಮೇಡಂ ಹತ್ತಿರ ಹೋಗಿ ಕೇಳಿದೆ. ‘ಇವತ್ತೇ ಕೈ ಬಿಡಬಹುದು ಅಂತ ನಿಮಗೆ ಹೇಗೆ ಗೊತ್ತಾಯಿತು?’ ಅವರು, ‘ನನಗೇನೂ ಗೊತ್ತಾಗಲಿಲ್ಲ ಸರ್, ಅವಳೇ ಕೈ ಬೇಡ ಅಂದಳು’ ಅಂದರು. ಅಷ್ಟು ಹೇಳಿ ಮ್ಯಾಟ್ ಎತ್ತಲು ಹೋದರು.

ಸೋಮವಾರದಿಂದ ಆ ಬ್ಲಾಕ್ ಮೇಲೆ ನಿಲ್ಲುವವಳು ನೀನು. ನನ್ನ ಭಯ ಇದೇ ಕಣಮ್ಮ. ನೀನು ಬೀಳುತ್ತೀಯ ಅನ್ನುವ ಭಯದ ಜೊತೆ ಇಷ್ಟು ವರ್ಷ ಬದುಕಿದ್ದೇನೆ, ಅದು ಅಭ್ಯಾಸವಾಗಿದೆ. ಬೇರೆಯವರ ಮಗು ನಿನ್ನ ಕೈಯಲ್ಲಿ ಬಿದ್ದರೆ ಅನ್ನುವುದು ಹೊಸ ಭಯ. ಒಂದು ಕ್ಷಣ ಆ ಕಡೆ ಯಾರೋ ಕರೆದರು ಅಂತ ತಿರುಗಿದೆ ಅಂದುಕೋ. ನಿನ್ನದೇ ಬೆನ್ನು ನೋಯುತ್ತಿತ್ತು, ಅರ್ಧ ಸೆಕೆಂಡ್ ತಡವಾಯಿತು ಅಂದುಕೋ. ಹಿಡಿಯುವವರ ಭುಜ, ಸೊಂಟ ಹೇಗೆ ಸವೆಯುತ್ತವೆ ಅಂತ ಕೋಚ್‌ಗಳನ್ನೇ ಕೇಳು. ಇಡೀ ದಿನ ಮಕ್ಕಳನ್ನು ಎತ್ತಿ ಎತ್ತಿ ಹಾಕಬೇಕು. ನಿನ್ನ ಬೆನ್ನು ಅದಕ್ಕೆ ತಯಾರಿದೆಯಾ? ಸರಿ, ಬೆನ್ನಿನ ವಿಷಯ ಎತ್ತುವುದಿಲ್ಲ ಅಂದಿದ್ದೆ.

ನಿನ್ನಮ್ಮ ಇದನ್ನೆಲ್ಲ ಓದಿ, ‘ಪತ್ರ ಬರೀತಿದ್ದೀರಾ, ಹೆದರಿಸ್ತಿದ್ದೀರಾ’ ಅಂತ ಕೇಳಿದಳು. ಹೆದರಿಸುತ್ತಿಲ್ಲ. ಆದರೆ ಸೋವಿಯತ್ ಜಿಮ್ನಾಸ್ಟ್ ಎಲೀನಾ ಮುಖಿನಾ ಬಗ್ಗೆ ನೀನು ಓದಬೇಕು. 1978ರ ವಿಶ್ವ ಚಾಂಪಿಯನ್. ಆಮೇಲೆ ಕಾಲು ಮುರಿಯಿತು. ಪೂರ್ತಿ ವಾಸಿಯಾಗುವ ಮೊದಲೇ ಪ್ರಾಕ್ಟೀಸ್‌ಗೆ ಇಳಿಸಿದರು. ಥಾಮಸ್ ಸಾಲ್ಟೋ ಅನ್ನುವ ಲಾಗ ಅಪಾಯ ಅಂತ ಅವಳೇ ಹೇಳುತ್ತಿದ್ದಳು, ಕತ್ತು ಮುರಿದುಕೊಳ್ಳುತ್ತೇನೆ ಅಂತ ಹೇಳುತ್ತಿದ್ದಳು. 1980ರ ಜುಲೈ, ಮಾಸ್ಕೋ ಒಲಿಂಪಿಕ್ಸ್‌ಗೆ ಇನ್ನು ಕೆಲವೇ ದಿನ. ಅದೇ ಲಾಗ ಹಾಕುವಾಗ ಗದ್ದ ನೆಲಕ್ಕೆ ಬಡಿದು ಕತ್ತು ಮುರಿಯಿತು. ಅವಳಿಗೆ 20 ವರ್ಷ. ಕತ್ತಿನಿಂದ ಕೆಳಗೆ ಸ್ವಾಧೀನವಿಲ್ಲದೆ ಉಳಿದ ಆಯುಷ್ಯ ಕಳೆದಳು, 2006ರಲ್ಲಿ ತೀರಿಕೊಂಡಳು. ಆ ಥರದ ಲಾಗಗಳನ್ನು ಹೆಂಗಸರಿಗೆ ಆಮೇಲೆ ನಿಷೇಧಿಸಿದರು. ಅವಳು ಹೇಳಿದಾಗಲೇ ಯಾರಾದರೂ ಕೇಳಿಸಿಕೊಂಡಿದ್ದರೆ ಸಾಕಿತ್ತು.

ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಬಚಾವಾದದ್ದು ಅವಳ ಮಾತು ನಡೆದದ್ದರಿಂದ. 2021ರಲ್ಲಿ ಟೋಕಿಯೋದಲ್ಲಿ ವಾಲ್ಟ್ ಮೇಲಿಂದ ಎರಡೂವರೆ ಟ್ವಿಸ್ಟ್, ಅಂದರೆ ಮೈ ತಿರುಚಿ ಎರಡೂವರೆ ಸುತ್ತು, ಹಾಕಬೇಕಿತ್ತು, ಗಾಳಿಯಲ್ಲಿ ದಿಕ್ಕೇ ತಪ್ಪಿ ಒಂದೂವರೆಗೆ ನಿಂತಿತು. ಟ್ವಿಸ್ಟೀಸ್ ಅಂತ ನೀವೆಲ್ಲ ಹೇಳುತ್ತೀರಲ್ಲ, ಅದು. ಅವಳು ಹಿಂದೆ ಸರಿದಳು. ಲಾಗ ಹಾಕೋದಿರಲಿ, ನೆಟ್ಟಗೆ ಒಂದು ಉರುಳು ಉರುಳಲಾರದ ನಮ್ಮಂಥವರೆಲ್ಲ ಅವಳಿಗೆ ಬುದ್ಧಿ ಹೇಳಿದೆವು. ಕೆಲವೇ ದಿನದಲ್ಲಿ ಕೊನೆಗೆ ಕೆಳಗಿಳಿಯಲು ಟ್ವಿಸ್ಟ್ ಇಲ್ಲದ ಡಿಸ್‌ಮೌಂಟ್ ಇಟ್ಟುಕೊಂಡು ಬೀಮ್‌ಗೆ ಮಾತ್ರ ಬಂದು ಕಂಚು ತೆಗೆದುಕೊಂಡು ಹೋದಳು. 2024ರಲ್ಲಿ ಪ್ಯಾರಿಸ್‌ನಲ್ಲಿ ಮೂರು ಚಿನ್ನ. ಅವಳಿಗೆ ಬೇಡ ಅನ್ನುವ ಧೈರ್ಯ ಇತ್ತು, ಹೆಸರೂ ಇತ್ತು. ನಿನ್ನ ಬ್ಯಾಚಿನ ಆರು ವರ್ಷದ ಮಗುವಿಗೆ ಎರಡೂ ಇರುವುದಿಲ್ಲ. ಅದು ‘ಹೊಟ್ಟೆ ನೋವು’ ಅನ್ನುತ್ತದೆ. ಬಾತ್‌ರೂಮ್ ಅಂತ ಮೂರು ಸಲ ಕೇಳುತ್ತದೆ. ಶೂ ಲೇಸ್ ಕಟ್ಟುತ್ತಾ ಕೂರುತ್ತದೆ. ನೀನೇ ಮಾಡಿದ್ದು ಇದೆಲ್ಲ, ನಿನಗೆ ಬೇರೆ ಹೇಳಬೇಕಾ?

ಹೇಳಬೇಕು ಅನಿಸಿದ್ದನ್ನು ಒಟ್ಟಿಗೇ ಹೇಳಿಬಿಡುತ್ತೇನೆ, ಬೈದುಕೊಂಡೇ ಓದು. ಕಾಲು ಅಗಲಿಸಿ ಸ್ಪ್ಲಿಟ್ ಕೂರಿಸುವಾಗ ಮಗುವಿನ ಭುಜದ ಮೇಲೆ ಭಾರ ಹಾಕಿ ಒತ್ತಬೇಡ. ನೀನು ಮೊದಲು ಹೋಗುತ್ತಿದ್ದ ಕಡೆ ಒಬ್ಬರು ಹಾಗೆ ಮಾಡುತ್ತಿದ್ದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ, ನಿನ್ನನ್ನು ಅಲ್ಲಿಂದ ಬಿಡಿಸಿದ್ದು ಅದಕ್ಕೇ. ಮಣಿಕಟ್ಟು ನೋವು ಅಂದರೆ ಅದನ್ನು ನೋವು ಅಂತಲೇ ನಂಬು. ಬೆಳೆಯುವ ಮಕ್ಕಳ ಮೂಳೆಯ ತುದಿ ಇನ್ನೂ ಮೆತ್ತಗಿರುತ್ತದೆ, ಇಡೀ ಮೈಭಾರ ಅಂಗೈ ಮೇಲೆ ಬೀಳುವ ಆಟ ಇದು. ಮಕ್ಕಳ ತೂಕದ ಬಗ್ಗೆ ತಮಾಷೆಗೂ ಒಂದು ಮಾತು ಆಡಬೇಡ. ಸುಸ್ತಾದ ಮೇಲೆ ‘ಇನ್ನೊಂದೇ ಒಂದು ಸಲ’ ಅನ್ನಬೇಡ. ಯಾವ ಮಗುವಿನ ಜೊತೆಗೂ ಮುಚ್ಚಿದ ಬಾಗಿಲ ಹಿಂದೆ ಒಬ್ಬಳೇ ಇರಬೇಡ, ಬೇರೆ ಯಾರನ್ನೂ ಇರಲು ಬಿಡಬೇಡ. ಚಿಕಿತ್ಸೆಯ ನೆಪದಲ್ಲಿ ಹುಡುಗಿಯರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ ಅಮೆರಿಕದ ತಂಡದ ಡಾಕ್ಟರ್ ಲ್ಯಾರಿ ನಾಸರ್ ವಿರುದ್ಧ 2018ರಲ್ಲಿ ಕೋರ್ಟಿನಲ್ಲಿ ನಿಂತು ಮಾತಾಡಿದವರು 150ಕ್ಕೂ ಜಾಸ್ತಿ. ಅವರಲ್ಲಿ ಕೆಲವರ ಅಪ್ಪ ಅಮ್ಮ ಆ ಹೊತ್ತಿನಲ್ಲಿ ಅದೇ ಕೋಣೆಯಲ್ಲಿ ಇದ್ದರಂತೆ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಗಾಜಿನ ಈಚೆ ಕೂತು ಎಲ್ಲ ನೋಡುತ್ತಿದ್ದೇನೆ ಅಂದುಕೊಂಡಿದ್ದೆನಲ್ಲ.

ಭಾಷಣ ಆಯಿತು, ಗೊತ್ತು.

ಈಗ ನಿನಗೆ ಇಷ್ಟವಾಗದ ಇನ್ನೊಂದು ಮಾತು. ಜಡ್ಜ್ ಆಗುವ ಬಗ್ಗೆ ಯೋಚಿಸಿದ್ದೀಯಾ? ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ, ಅದಕ್ಕೇ ಹೇಳುತ್ತಿದ್ದೇನೆ ಅಂದುಕೊಳ್ಳಬೇಡ. ನಿನ್ನ ಕಣ್ಣು ಅದಕ್ಕೆ ಹೇಳಿ ಮಾಡಿಸಿದಂತಿದೆ. ಟಿವಿಯಲ್ಲಿ ಸ್ಕೋರ್ ಬರುವ ಮೊದಲೇ ‘ಲ್ಯಾಂಡಿಂಗ್‌ಗೆ ಪಾಯಿಂಟ್ ಮೂರು (0.3) ಹೋಯಿತು, ಮಂಡಿಗೆ ಪಾಯಿಂಟ್ ಒಂದು’ ಅಂತ ನೀನು ಹೇಳಿದ್ದು ಎಷ್ಟು ಸಲ ಸರಿಯಾಗಿಲ್ಲ! ನನಗೆ ಈ ಹುಚ್ಚು ಹಿಡಿಸಿದ್ದೇ ನೀನು. ರೊಮೇನಿಯಾದ ನಾದಿಯಾ ಕೊಮನೆಚಿ 1976ರಲ್ಲಿ 10 ತೆಗೆದಾಗ, 10.00 ತೋರಿಸಲಾಗದ ಬೋರ್ಡಿನಲ್ಲಿ 1.00 ಅಂತ ಬಂದ ಕಥೆ ಬಿಟ್ಟರೆ ನನಗೆ ಇನ್ನೇನೂ ಗೊತ್ತಿರಲಿಲ್ಲ. 2006ರಲ್ಲಿ ಆ 10ರ ಮಿತಿ ಹೋಯಿತು, ಕಷ್ಟಕ್ಕೆ ಒಂದು ಅಂಕ, ಅಚ್ಚುಕಟ್ಟಿಗೆ 10ರಿಂದ ಕಳೆಯುತ್ತಾ ಬರುವ ಇನ್ನೊಂದು ಅಂಕ ಅಂತ ನೀನೇ ವಿವರಿಸಿದ್ದು. ಈಗ ನಾನೇ ಪೆನ್ನು ಹಿಡಿದು ಕೂರುತ್ತೇನೆ.

ನಿಯಮದಲ್ಲಿ ಒಂದು ವಿಷಯ ಓದಿ ಅಲ್ಲೇ ನಿಂತುಬಿಟ್ಟೆ. ಬೀಮ್ ಮೇಲಿಂದ ಬಿದ್ದರೆ ಒಂದು ಅಂಕ ಕಳೆಯುತ್ತಾರೆ. ಬೀಳದಂತೆ ಕೋಚ್ ಕೈ ಕೊಟ್ಟರೂ ಒಂದು ಅಂಕ ಕಳೆಯುತ್ತಾರೆ, ಮೇಲಾಗಿ ಆ ಲಾಗವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಿಡಿದರೆ ಬಿದ್ದದ್ದಕ್ಕಿಂತ ನಷ್ಟ! ಮೇಡಂ ಅಂಗೈ ಗುರುತು ನೋಡಿ ಸಮಾಧಾನ ಪಟ್ಟುಕೊಳ್ಳುತ್ತಿದ್ದ ನನಗೆ ಇದು ಅನ್ಯಾಯ ಅನಿಸಿತು. ನೀನು ಜಡ್ಜ್ ಆದರೆ ಅದನ್ನೂ ಬರೆದುಕೊಳ್ಳಬೇಕಾಗುತ್ತದೆ, ಅಲ್ವಾ?

2016ರಲ್ಲಿ ರಿಯೋದಲ್ಲಿ ದೀಪಾ ಕರ್ಮಾಕರ್ ಪ್ರೊಡುನೋವಾ ವಾಲ್ಟ್‌ಗೆ ಓಡಿದಾಗ ಎಲ್ಲರೂ ಅವಳನ್ನೇ ನೋಡುತ್ತಿದ್ದರು. 0.15 ಅಂಕದಲ್ಲಿ ಪದಕ ತಪ್ಪಿ ನಾಲ್ಕನೇ ಸ್ಥಾನ ಬಂತು. ನಾನೂ ಆಗ ಅವಳಿಗಾಗಿಯೇ ಮರುಗಿದೆ. ಈಗ ಅದೇ ವಿಡಿಯೋ ನೋಡಿದರೆ ಅವಳ ಕೋಚ್ ಬಿಶ್ವೇಶ್ವರ ನಂದಿ ನೆನಪಾಗುತ್ತಾರೆ. ಗಾಳಿಯಲ್ಲಿ ಎರಡು ಮುಂದಲಾಗ ಹಾಕಿ ಇಳಿಯುವ ಹುಡುಗಿಯನ್ನು ಹಿಡಿಯಲು ಯಾರ ಕೈಗೂ ಎಟುಕುವುದಿಲ್ಲ. ಸಣ್ಣವಳಿದ್ದಾಗಿನಿಂದ ಕಲಿಸಿದ ಮನುಷ್ಯ ಪಕ್ಕದಲ್ಲಿ ನಿಂತು ನೋಡಬೇಕಷ್ಟೇ. ಅವರು ಆ ಎರಡು ಸೆಕೆಂಡ್ ಹೇಗೆ ಕಳೆದರೋ! ನಿನ್ನ ಬ್ಯಾಚಿನ ಮಕ್ಕಳೂ ಒಂದು ದಿನ ಅದನ್ನೇ ಕಲಿಸಿ ಅನ್ನುತ್ತಾರೆ. ಆಗ ಏನು ಹೇಳುತ್ತೀಯೋ, ನನಗೂ ತಿಳಿಸು.

ಹೆಮ್ಮೆ ಇಲ್ಲ ಅಂದುಕೊಳ್ಳಬೇಡ. ನಿನ್ನ ಕೊನೆಯ ಸ್ಪರ್ಧೆಯಲ್ಲಿ ನಿನ್ನ ಬಾರ್ಸ್ ರುಟೀನ್ ಹೇಗಾಯಿತು ಅನ್ನುವುದು ನನಗೆ ಅಷ್ಟು ನೆನಪಿಲ್ಲ. ಅದಕ್ಕೂ ಮೊದಲು ಒಬ್ಬಳು ಪುಟಾಣಿ, ಬಾರ್ ಹಿಡಿಯಲು ಅಂಗೈಗೆ ಕಟ್ಟುವ ಗ್ರಿಪ್ ಪಟ್ಟಿ ಬಿಗಿಯಲಾರದೆ ಅಳುತ್ತಾ ನಿಂತಿದ್ದಳು. ಬೇರೆ ಕ್ಲಬ್ಬಿನ ಹುಡುಗಿ, ನಿನಗೆ ಪರಿಚಯವೂ ಇರಲಿಲ್ಲ. ನೀನು ನಿನ್ನ ಸರದಿ ಹತ್ತಿರ ಬಂದಿದ್ದರೂ ಮೊಣಕಾಲೂರಿ ಕೂತು ಅವಳ ಪಟ್ಟಿ ಕಟ್ಟಿದೆ, ಅಂಗೈಯಲ್ಲಿ ಕಿತ್ತುಬಂದ ಚರ್ಮಕ್ಕೆ ಟೇಪ್ ಸುತ್ತಿದೆ. ಅವಳ ಕಿವಿಯಲ್ಲಿ ಏನೋ ಹೇಳಿದೆ. ನಾನು ನಿನ್ನಮ್ಮನಿಗೆ, ‘ಇವಳಿಗೆ ಯಾಕೆ ಬೇಕು ಈಗ ಇದು, ತನ್ನದು ತಾನು ನೋಡಿಕೊಳ್ಳೋದು ಬಿಟ್ಟು’ ಅಂದೆ. ಅವಳು, ‘ಅವಳು ಅದನ್ನೇ ಮಾಡೋದು ನೋಡ್ತಿರಿ’ ಅಂದಳು. ನಿನ್ನ ಫೋನ್ ಬಂದ ಮೇಲೆ ಎರಡು ಸಲ ಅದನ್ನು ನೆನಪಿಸಿ ಆಗಿದೆ. ಗೆದ್ದ ಖುಷಿ ಅವಳಿಗೆ.

ಗಾಜಿನ ಆಚೆ ಕೂರುವ ಅಪ್ಪ ಅಮ್ಮಂದಿರ ಜೊತೆ ಸ್ವಲ್ಪ ತಾಳ್ಮೆ ಇರಲಿ. ‘ತಳ್ಳಿದರೆ ಹೋಗುತ್ತಾಳೆ’ ಅನ್ನುವವರು ಅಲ್ಲೂ ಇರುತ್ತಾರೆ. ತಲೆಯಾಡಿಸುವವರೂ ಇರುತ್ತಾರೆ. ಅವರನ್ನು ಬೈಯಬೇಡ. ಮಕ್ಕಳನ್ನು ಬಿಡುವಾಗ ಎರಡು ನಿಮಿಷ ನಿಂತು ಮಾತಾಡು, ಇವತ್ತು ಏನು ಮಾಡಿದೆವು, ಯಾಕೆ ಮತ್ತೆ ನೆಲದ ಗೆರೆಗೆ ಬಂದೆವು ಅಂತ. ನಿಮ್ಮ ಮೇಡಂ ನನಗೆ ಅದನ್ನು ಮೊದಲೇ ಹೇಳಿದ್ದರೆ ಅಷ್ಟು ಗೊಣಗುತ್ತಿರಲಿಲ್ಲ.

ಅಲ್ಲಿ ಪೋಷಕರಲ್ಲದವರು ಕೂತು ನೋಡಬಹುದಾ, ವಿಚಾರಿಸು. ಅಮ್ಮ ಕೇಳುತ್ತಿದ್ದಾಳೆ. ನಾನೂ ಬರುತ್ತೇನೆ, ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ನೀನು ಬ್ಲಾಕ್ ಮೇಲೆ ಹತ್ತುವ ಮೊದಲು ಬೆನ್ನಿಗೆ ಬೆಲ್ಟ್ ಕಟ್ಟಿದ್ದೀಯಾ ಅಂತ ಮಾತ್ರ ನೋಡುತ್ತೇನೆ.

ಇಂತಿ,
ನಿನ್ನ ಅಪ್ಪ

ಮರೆತಿದ್ದೆ: ಜಡ್ಜ್ ಕೋರ್ಸ್‌ಗೆ ಅರ್ಜಿ ಯಾವಾಗ ಕರೆಯುತ್ತಾರೆ ಅಂತ ಅಲ್ಲಿ ಯಾರನ್ನಾದರೂ ಕೇಳಿಟ್ಟಿರು. ಹಾಕಲೇಬೇಕು ಅಂತಿಲ್ಲ. ಸುಮ್ನೆ ಕೇಳಿಟ್ಟಿರು.